ಕಂಬವಾದ ಕುರ್ಚಿ

ನಮ್ಮ ಊರು ದಿನಕ್ಕೆ ಎರಡು ಸಲ ವಾಲುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಪಡುವಣಕ್ಕೆ, ಸಂಜೆ ನಾಲ್ಕರ ಸುಮಾರಿಗೆ ಮೂಡಣಕ್ಕೆ. ಒಲೆಯ ಮೇಲಿಟ್ಟ ಅನ್ನಕ್ಕೆ ಕುದಿ ಬರುವಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಮೆಲ್ಲಗೆ ಸಮಕ್ಕೆ ಬರುತ್ತದೆ. ಎಷ್ಟು ವಾಲುತ್ತದೆ ಎಂದು ಪರಸ್ಥಳದವರು ಕೇಳುತ್ತಾರೆ. ನಾವು ಚೊಂಬಿನ ಲೆಕ್ಕದಲ್ಲಿ ಹೇಳುತ್ತೇವೆ. ತುಂಬಿದ ಚೊಂಬನ್ನು ನೆಲದ ಮೇಲಿಟ್ಟಾಗ ಕಾಲು ಭಾಗ ನೀರು ಚೆಲ್ಲಿದರೆ ಅದು ಕಾಲು ಚೊಂಬಿನ ದಿನ. ಹೆಚ್ಚಿನ ದಿನಗಳು ಅಂಥವೇ. ವರ್ಷಕ್ಕೆ ನಾಲ್ಕೈದು ಸಲ ಅರ್ಧ ಚೊಂಬಿನ ದಿನ ಬರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನನ್ನ ನಲವತ್ತೇಳು ವರ್ಷಗಳಲ್ಲಿ ಎರಡೇ ಸಲ ನೋಡಿದ್ದೇನೆ. ಎರಡನೆಯದು ಹೋದ ವರ್ಷ ಬಂತು, ಅದರ ಸಂಗತಿಯನ್ನೇ ಈಗ ಹೇಳಬೇಕಾಗಿದೆ.

ವಾಲುವ ಮೊದಲು ಚೌಕದಲ್ಲಿ ತೂಗುಹಾಕಿರುವ ಗಂಟೆ ತನ್ನಷ್ಟಕ್ಕೆ ಬಡಿದುಕೊಳ್ಳುತ್ತದೆ. ಅದು ಬಡಿದ ಮೇಲೆ ನೂರು ಎಣಿಸುವಷ್ಟು ಸಮಯ ಸಿಗುತ್ತದೆ. ಅಷ್ಟರೊಳಗೆ ಒಲೆಯ ಮೇಲಿನದನ್ನು ಇಳಿಸಿ, ತೊಟ್ಟಿಲನ್ನು ಕಟ್ಟಿ, ಕೈಗೆ ಸಿಕ್ಕ ಗಟ್ಟಿಯಾದದ್ದನ್ನು ಹಿಡಿದುಕೊಳ್ಳಬೇಕು. ಮನೆಯ ಗೋಡೆಗಳಲ್ಲಿ ಕಬ್ಬಿಣದ ಬಳೆಗಳಿವೆ, ಬೀದಿಗಳಲ್ಲಿ ಕಲ್ಲಿನ ಕಂಬಗಳಿವೆ. ಕಂಬಕ್ಕೆ ಕೈ ಎಟುಕದವರು ಕಂಬ ಹಿಡಿದವರ ಕೈ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಯಾರು ಕೈ ಚಾಚಿದರೂ ಒಲ್ಲೆ ಎನ್ನುವಂತಿಲ್ಲ. ಕೋರ್ಟಿನಲ್ಲಿ ಎದುರುಬದುರು ನಿಂತ ದಾಯಾದಿಗಳೂ ಗಂಟೆ ಬಡಿದರೆ ಕೈ ಕೈ ಹಿಡಿದು ನಿಲ್ಲುತ್ತಾರೆ, ಊರು ಸಮಕ್ಕೆ ಬಂದ ಮೇಲೆ ಬೈಗುಳವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾರೆ. ಗಾಣದ ಮನೆಯ ಮಹಾರುದ್ರಪ್ಪ ಎಂಬಾತ ಒಮ್ಮೆ ಕೈ ಕೊಡಲಿಲ್ಲವಂತೆ. ಯಾರೂ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಆಮೇಲೆ ಗಂಟೆ ಬಡಿದಾಗ ಯಾರೂ ಅವನತ್ತ ಕೈ ಚಾಚಲಿಲ್ಲ. ಆರು ತಿಂಗಳಿಗೆ ಅವನು ಗಾಣ ಮಾರಿ ಊರು ಬಿಟ್ಟ. ಇದು ನಾನು ಹುಟ್ಟುವ ಮೊದಲಿನ ಮಾತಾದರೂ ಎಲ್ಲರಿಗೂ ನಿನ್ನೆಯದರಂತೆ ನೆನಪಿದೆ.

ನಾನು ಹೊಲಿಗೆಯವಳು, ಚಂಪವ್ವ. ಚೌಕಕ್ಕೆ ತಾಗಿದ ಬಳೆಪೇಟೆಯ ಮೂಲೆಯಲ್ಲಿ ಕೂತು ಮಕ್ಕಳ ಸೊಂಟಪಟ್ಟಿ ಹೊಲಿಯುತ್ತೇನೆ. ಮಕ್ಕಳನ್ನು ಕಂಬಕ್ಕೆ ಸಿಕ್ಕಿಸಲು ಬೇಕಾಗುವ ಎರಡು ಪದರದ ಪಟ್ಟಿ. ನನ್ನ ಪಟ್ಟಿ ಹರಿದು ಮಗು ಜಾರಿತು ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ, ಅಷ್ಟು ಜಂಬ ನನಗಿದೆ. ಆದರೆ ನನ್ನನ್ನು ಕಟ್ಟುವ ಪಟ್ಟಿ ಕಂಡರೆ ನನಗೆ ಆಗುವುದಿಲ್ಲ. ಮೂರನೆಯ ವರ್ಷಕ್ಕೆ ಜ್ವರ ಬಂದು ನನ್ನ ಕಾಲೆರಡೂ ಸೋತವು. ಅವ್ವ ದಿನಕ್ಕೆರಡು ಸಲ ತನ್ನ ಹಳೆಯ ಸೀರೆಯಿಂದ ನನ್ನನ್ನು ನಡುಮನೆಯ ಕಂಬಕ್ಕೆ ಕಟ್ಟುತ್ತಿದ್ದಳು. ಹೊರಗೆ ನನ್ನ ವಾರಿಗೆಯ ಹುಡುಗಿಯರು ಕೈ ಹಿಡಿದು ನಿಂತು ಕೇಕೆ ಹಾಕುವುದು ಕೇಳುತ್ತಿತ್ತು. ನಾನು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಲು ನೋಡುತ್ತಿದ್ದೆ.

ಅವ್ವ ಹೋದ ಮೇಲೆ ನನ್ನನ್ನು ಹಿಡಿದವಳು ನನ್ನ ಅಕ್ಕ ಪಾರವ್ವ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು ಮತ್ತೆಲ್ಲಿಗೂ ಹೋಗಲಿಲ್ಲ. ಚಿಕ್ಕ ಗಾಲಿಗಳ ಹಲಗೆಯ ಮೇಲೆ ನನ್ನನ್ನು ಕೂರಿಸಿ, ಹಗ್ಗದಿಂದ ಎಳೆದುಕೊಂಡು ಪೇಟೆಗೆ ಒಯ್ಯುತ್ತಿದ್ದಳು. ಗಂಟೆ ಬಡಿದರೆ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ. ಮೂವತ್ತು ವರ್ಷ ಹೀಗೆ ನಡೆಯಿತು. ಊರಿನಲ್ಲಿ ಪ್ರತಿಯೊಬ್ಬರೂ ಯಾರನ್ನೋ ಹಿಡಿಯುತ್ತಾರೆ, ಯಾರೋ ಅವರನ್ನು ಹಿಡಿಯುತ್ತಾರೆ. ತಾನು ಬೀಳದಿರಲೆಂದು ನನ್ನನ್ನು ಮಾತ್ರ ಯಾರೂ ಹಿಡಿದುಕೊಂಡಿರಲಿಲ್ಲ. ಹಿಡಿದರೆ ಇಬ್ಬರೂ ಜಾರುತ್ತೇವೆಂದು ಎಲ್ಲರಿಗೂ ಗೊತ್ತಿತ್ತು. ಇದನ್ನು ಅಸೂಯೆ ಎನ್ನಿ, ಹೊಟ್ಟೆಕಿಚ್ಚು ಎನ್ನಿ, ನನಗೆ ಅದು ಬಹಳ ನೋಯುತ್ತಿತ್ತು.

ಬ್ಯಾಟರಿ ಕುರ್ಚಿ ಬಂದದ್ದು ಮೂರು ವರ್ಷದ ಹಿಂದೆ. ಪರಸ್ಥಳದ ಒಂದು ಸಂಘದವರು ಕೊಟ್ಟರು. ಅದರ ಜೊತೆಗೆ ಬಂದ ಮೆಕ್ಯಾನಿಕ್ ದಸ್ತಗೀರ್, ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಸುತ್ತಲಿನ ಊರುಗಳ ಕುರ್ಚಿಗಳನ್ನೆಲ್ಲ ನೋಡಿ ಹೋಗುವವನು. ಮೊದಲ ದಿನ ಅವನು ನನ್ನನ್ನು ಕುರ್ಚಿಯಲ್ಲಿ ಕೂರಿಸುವ ಮೊದಲು ಒಂದು ತಾಸು ಬರೀ ಮಾತಾಡಿದ.

"ಹತ್ತೂ ಮುಂದ, ಇಳಿಯೂ ಮುಂದ ಸ್ವಿಚ್ ಆಫ್ ಮಾಡ್ರಿ. ಇಲ್ಲಾಂದ್ರ ಮೊಣಕೈ ತಾಗಿ ಕುರ್ಚಿ ತಾನ ಹೊಂಟಬಿಡ್ತೈತಿ. ಈ ಹಿಡಿಕಿಯಿಂದ ಕೈ ತಗದ್ರ ಬ್ರೇಕ್ ತಾನ ಕಚ್ಚತೈತಿ. ಆದ್ರ ಇಲ್ಲಿ ಕೆಳಗ ನೋಡ್ರಿ, ಈ ಕೆಂಪು ಸನ್ನಿ, ಲಿವರ್. ಇದನ್ನ ಎತ್ತಿದ್ರ ಬ್ರೇಕ್ ಇಲ್ಲ, ಏನೂ ಇಲ್ಲ. ಕುರ್ಚಿ ಬರೇ ಗಾಡಿ. ನಿಮ್ಮೂರಾಗ ಇದನ್ನ ಎತ್ತಿ ಬಿಟ್ರ ಮುಗೀತು."

"ಮತ್ತ ಊರು ವಾಲಿದಾಗ?" ಎಂದೆ.

"ಮುಖ ಏರಿನ ಕಡೆ ಇರ್ಲಿ. ಅಡ್ಡ ನಿಲ್ಲಬ್ಯಾಡ್ರಿ. ಮೈ ಮುಂದಕ್ಕ ಬಗ್ಗಸ್ರಿ. ಬೆನ್ನಿನ ಹಿಂದ ಚೀಲ ಜೋತ ಹಾಕಬ್ಯಾಡ್ರಿ, ಹಿಂದಕ್ಕ ಮಗಚ್ತೈತಿ. ಹಿಂದ ಈ ಎರಡು ಸಣ್ಣ ಗಾಲಿ ಅದಾವಲ್ಲ, ಅವು ಮಗಚದಂಗ ತಡೀತಾವ. ಅವನ್ನ ತಗೀಬ್ಯಾಡ್ರಿ. ಬೆಲ್ಟ್ ಮಾತ್ರ ಯಾವಾಗ್ಲೂ ಹಾಕ್ಕೋಬೇಕು."

ಬೆಲ್ಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಮಂತ್ರ ಕಲಿತ ಹಾಗೆ ಕಲಿತೆ. ದಿನ ಬೆಳಗ್ಗೆ ಎದ್ದವಳೇ ಚಾರ್ಜು ಪೂರ್ತಿಯಾಗಿದೆಯೇ ಎಂದು ದೀಪ ನೋಡುತ್ತಿದ್ದೆ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಹೊಲಿಗೆಯ ದಾರ ಗಾಲಿಯ ಅಚ್ಚಿಗೆ ಸುತ್ತಿಕೊಂಡಿದ್ದರೆ ಸೂಜಿಯಿಂದ ಬಿಡಿಸುತ್ತಿದ್ದೆ. ಬ್ಯಾಟರಿಯ ತುದಿಗೆ ಬಿಳಿ ಉಪ್ಪು ಕಟ್ಟಿದರೆ ಒಣ ಬಟ್ಟೆಯಿಂದ ಒರೆಸಿ, ದಸ್ತಗೀರ್ ಕೊಟ್ಟ ಗ್ರೀಸ್ ಹಚ್ಚುತ್ತಿದ್ದೆ. ಮಳೆ ಬಂದರೆ ಹಿಡಿಕೆಯ ಮೇಲೆ ಪ್ಲಾಸ್ಟಿಕ್ ಚೀಲ. ಬೆಲ್ಟನ್ನು ಮಾತ್ರ ಮಡಿಚಿ ಸೀಟಿನ ಕೆಳಗೆ ತುರುಕಿಟ್ಟೆ. ಚೌಕದಲ್ಲಿ, ಎಲ್ಲರ ಕಣ್ಣೆದುರಿಗೆ, ಮತ್ತೆ ಕಟ್ಟಿಸಿಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ ಎನ್ನಿಸಿತು.

ಕುರ್ಚಿಯಲ್ಲಿ ಕೂತು ನಾನು ಚೌಕದಲ್ಲಿ ಕಂಡ ಮೊದಲ ವಾಲಾಟವನ್ನು ಸಾಯುವ ತನಕ ಮರೆಯಲಾರೆ. ಗಂಟೆ ಬಡಿಯಿತು. ನಾನು ಕುರ್ಚಿಯ ಮುಖವನ್ನು ಏರಿನ ಕಡೆಗೆ ತಿರುಗಿಸಿ, ಸ್ವಿಚ್ ಆರಿಸಿ, ಮುಂದಕ್ಕೆ ಬಾಗಿ ಕೂತೆ. ನೆಲ ಓರೆಯಾಯಿತು. ಎಲ್ಲರ ಅಂಗಡಿಯ ತಕ್ಕಡಿಗಳು ತೂಗಾಡಿದವು, ನಿಂಬೆಹಣ್ಣೊಂದು ನನ್ನ ಗಾಲಿಯ ಪಕ್ಕದಲ್ಲೇ ಉರುಳಿಹೋಯಿತು. ಕುರ್ಚಿ ಕದಲಲಿಲ್ಲ. ನನ್ನ ರಟ್ಟೆ ಹಿಡಿಯಲೆಂದು ಕೈ ಚಾಚಿದ್ದ ಅಕ್ಕ ಅದನ್ನು ಅಲ್ಲೇ ನಿಲ್ಲಿಸಿದಳು. ಆಮೇಲೆ, ಅವಳಿಗೂ ಗೊತ್ತಾಗದಂತೆಯೋ ಏನೋ, ಕಂಬವನ್ನು ಬಿಟ್ಟು ನನ್ನ ಕುರ್ಚಿಯ ಹಿಂದಿನ ಹಿಡಿಯನ್ನು ಹಿಡಿದುಕೊಂಡಳು. ಅವಳ ಭಾರ ನನಗೆ ಬೆನ್ನಿನಲ್ಲಿ ತಿಳಿಯಿತು. ನಾನು ಅತ್ತೆ. ನಲವತ್ತನಾಲ್ಕು ವರ್ಷದವಳು ಚೌಕದ ನಡುವೆ ಕೂಸಿನ ಹಾಗೆ ಅತ್ತೆ.

ಒಬ್ಬರು ಹಿಡಿದದ್ದನ್ನು ಕಂಡು ಇನ್ನೊಬ್ಬರು ಬಂದರು. ಎಲೆ ಅಡಿಕೆ ಮಾರುವ ಮುದುಕಿ ತೋಟವ್ವ ಮೊದಲು ಬಂದವಳು. "ಚಂಪವ್ವನ ಕುರ್ಚಿ ಕಲ್ಲಿಗಿಂತ ಚಲೋ ಐತಿ ಬೇ, ಕೈ ತಣ್ಣಗಾಗೂದಿಲ್ಲ" ಎಂದಳು. ಆಮೇಲೆ ಚಹದ ಚನ್ನಬಸು, ಅವನ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹುಡುಗಿಯರು. ಕಾಲು ಚೊಂಬಿನ ದಿನಗಳಲ್ಲಿ ಏನೂ ತೊಂದರೆಯಿರಲಿಲ್ಲ. ಯಾರು ಯಾರು ಹಿಡಿದರೆಂದು ನಾನು ತಿರುಗಿ ನೋಡದೆಯೇ ಎಣಿಸುತ್ತಿದ್ದೆ. ನಾಲ್ಕು ಕೈಯಾದ ದಿನಕ್ಕಿಂತ ಆರು ಕೈಯಾದ ದಿನ ನನಗೆ ಊಟ ಹೆಚ್ಚು ಸೇರುತ್ತಿತ್ತು. ಆ ಮಳೆಗಾಲದಲ್ಲಿ ಬಳೆಪೇಟೆಯ ಮೂಲೆಯ ಹಳೇ ಕಲ್ಲುಕಂಬ ಬುಡ ಸಡಿಲಾಗಿ ಬಿತ್ತು. ಪಂಚಾಯಿತಿಯ ಫಕೀರಗೌಡರು ಬಂದು ನೋಡಿ, "ಹೆಂಗೂ ಚಂಪವ್ವ ಇಲ್ಲೇ ಕುಂಡ್ರತಾಳ. ಕಂಬದ ಗಡಿಬಿಡಿ ಏನೈತಿ" ಎಂದು ನಕ್ಕು ಹೋದರು. ಬಿದ್ದ ಕಂಬವನ್ನು ಯಾರೋ ಚರಂಡಿಗೆ ಸೇತುವೆಯಾಗಿ ಹಾಸಿದರು. ನನಗೆ ಅವತ್ತು ಆದ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ದಸ್ತಗೀರ್‌ಗೆ ನಾನು ಇದನ್ನು ಹೇಳಿರಲಿಲ್ಲ. ಆದರೆ ಕಬ್ಬಿಣ ಹೇಳಿತು. ಹೋದ ವರ್ಷ ಒಮ್ಮೆ ಅವನು ಬಂದಾಗ ಕುರ್ಚಿಯನ್ನು ಮಗುಚಿ ಹಾಕಿ ಬಹಳ ಹೊತ್ತು ನೋಡಿದ. ಬ್ರೇಕಿನ ಬಿಲ್ಲೆಗಳು ಸವೆದಿದ್ದವು. ಮಗುಚದಂತೆ ತಡೆಯುವ ಹಿಂದಿನ ಸಣ್ಣ ಗಾಲಿಗಳ ಕಡ್ಡಿ ಎರಡೂ ಬಾಗಿದ್ದವು. ಅವನು ಪೆನ್ಸಿಲನ್ನು ಕಿವಿಯಿಂದ ತೆಗೆದು ಬಾಗಿದ ಕಡ್ಡಿಯ ಪಕ್ಕ ನೆಟ್ಟಗೆ ಹಿಡಿದು ತೋರಿಸಿದ.

"ಅಕ್ಕಾರ, ಈ ಕುರ್ಚಿಗೆ ಎಷ್ಟ ಮಂದಿ ಜೋತ ಬೀಳ್ತಾರ?"

"ಒಬ್ಬಾಕೇರಿ. ನಮ್ಮಕ್ಕ."

"ಒಬ್ಬರ ಭಾರಕ್ಕ ಇಂಥಾ ಕಬ್ಬಿಣ ಬಾಗೂದಿಲ್ರಿ."

"ನಮ್ಮಕ್ಕ ದಪ್ಪ ಅದಾಳ" ಎಂದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಕಡ್ಡಿಯಷ್ಟು ತೆಳ್ಳಗಿನವಳು. ಅವಳು ಒಳಗೆ ಹೋದಳು. ದಸ್ತಗೀರ್ ಅವಳನ್ನೂ ನೋಡಿದ, ನನ್ನನ್ನೂ ನೋಡಿದ.

"ಇದು ನೂರಿಪ್ಪತ್ತು ಕೇಜಿಗೆ ಮಾಡಿದ್ದು. ನಿಮ್ಮದು ನಲವತ್ತೆಂಟು. ಈ ಬ್ರೇಕು ನಿಮ್ಮೊಬ್ಬರ ಸಲುವಾಗಿ ಐತಿ, ಊರ ಸಲುವಾಗಿ ಅಲ್ಲ. ಬ್ರೇಕಿನ ಬಿಲ್ಲಿ ಬದಲಿ ಹಾಕೀನಿ. ಕಡ್ಡಿ ನನ್ನ ಕಡೆ ಇಲ್ಲ, ತರಸ್ಬೇಕು, ಒಂದ ತಿಂಗಳಾಗ್ತೈತಿ. ಅಲ್ಲೀತನಕ ವಾಲೂ ಹೊತ್ತಿನ್ಯಾಗ ಮನ್ಯಾಗ ಇರ್ರಿ, ಗ್ವಾಡಿಯ ಕಬ್ಬಿಣದ ಬಳಿ ಹಿಡ್ಕೊರ್ರಿ. ಒಂದ ತಿಂಗಳದ ಮಾತು."

ಬಾಗಿದ ಕಡ್ಡಿಯನ್ನು ಬಡಿದು ಆದಷ್ಟು ನೆಟ್ಟಗೆ ಮಾಡಿ ಅವನು ಹೋದ. ಮರುದಿನ ಬೆಳಗ್ಗೆ ನಾನು ಮನೆಯಲ್ಲೇ ಇದ್ದೆ. ಎರಡನೆಯ ದಿನವೂ ಇದ್ದೆ. ಮೂರನೆಯ ದಿನ ತೋಟವ್ವ ಮನೆಗೇ ಬಂದು, "ಎಲ್ಲಿ ಹೋಗೀಯೇ ನಮ್ಮವ್ವಾ, ನಿನ್ನೆ ಕೈಗೆ ಏನೂ ಸಿಗಲಾರ್ದಕ್ಕ ಚನ್ನಬಸುನ ಧೋತರ ಹಿಡಕೊಂಡೆ, ಅದು ಬಿಚ್ಚಿ ಬಂತು" ಎಂದು ನಗಿಸಿದಳು. ಒಂದು ತಿಂಗಳು ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ತಿಂಗಳಲ್ಲಿ ಅವರು ಬೇರೆ ಕಂಬ ನಿಲ್ಲಿಸಿಬಿಟ್ಟರೆ? ನಾಲ್ಕನೆಯ ದಿನ ನಾನು ಪೇಟೆಗೆ ಹೋದೆ.

ಆಮೇಲೆ ಹದಿನೇಳು ದಿನ ಏನೂ ಆಗಲಿಲ್ಲ. ಹದಿನೆಂಟನೆಯ ದಿನ ಮಂಗಳವಾರ, ಸಂತೆ. ಗಂಟೆ ಎಂದಿನಂತೆ ಬಡಿಯಲಿಲ್ಲ, ಯಾರೋ ಹುಚ್ಚು ಹಿಡಿದವರು ಬಡಿದ ಹಾಗೆ ಬಡಿಯಿತು. ಹಿರಿಯರಿಗೆ ಅದು ಏನೆಂದು ಗೊತ್ತಾಯಿತು. "ಮುಕ್ಕಾಲು ಚೊಂಬು! ಮುಕ್ಕಾಲು ಚೊಂಬು!" ಎಂದು ಕೂಗುತ್ತ ಓಡಿದರು. ನಾನು ಏರಿನ ಕಡೆಗೆ ಮುಖ ಮಾಡಿದೆ, ಸ್ವಿಚ್ ಆರಿಸಿದೆ, ಮುಂದಕ್ಕೆ ಬಾಗಿದೆ. ಹಿಂದೆ ಕೈಗಳು ಬಂದವು. ಅಕ್ಕನ ಕೈ ಬಲಗಡೆ, ತೋಟವ್ವನದು ಎಡಗಡೆ, ಚನ್ನಬಸು, ಅವನ ಹೆಂಡತಿ, ಹುಡುಗಿಯರಿಬ್ಬರು. ಸಂತೆಗೆ ಬಂದ ಇನ್ನಿಬ್ಬರು ಯಾರೆಂದು ನನಗೆ ಗೊತ್ತಾಗಲಿಲ್ಲ. ಎಂಟು ಎಂದು ಎಣಿಸಿದೆ. ಅಂಥ ಹೊತ್ತಿನಲ್ಲೂ ಎಣಿಸಿದೆ. ಇಷ್ಟು ಜನ ಎಂದೂ ಆಗಿರಲಿಲ್ಲ ಎಂದೂ ಅಂದುಕೊಂಡೆ.

ನೆಲ ಏಳುತ್ತಲೇ ಹೋಯಿತು. ಬ್ರೇಕು ಹಿಡಿದಿತ್ತು, ಗಾಲಿ ಉರುಳಲಿಲ್ಲ. ಆದರೆ ಹಿಂದಿನಿಂದ ಕಟ್ಟೆಂದು ಒಂದು ಕಡ್ಡಿ ಮುರಿದ ಸದ್ದಾಯಿತು, ಆಮೇಲೆ ಇನ್ನೊಂದು. ನನ್ನ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೆದ್ದವು. ನನಗೆ ಆಕಾಶ ಕಾಣಿಸಿತು. ಬೆಲ್ಟಿದ್ದಿದ್ದರೆ ನಾನು ಸೀಟಿನಲ್ಲೇ ಇರುತ್ತಿದ್ದೆ, ಕುರ್ಚಿಯ ಬೆನ್ನು ನೆಲಕ್ಕೆ ತಾಗಿ ಅಲ್ಲಿಗೆ ನಿಲ್ಲುತ್ತಿತ್ತು. ನಾನು ಹಿಂದಕ್ಕೆ ಜಾರಿ, ಬೆನ್ನಿನ ಮೇಲಿಂದ ಉರುಳಿ, ಅಕ್ಕನ ಸೊಂಟದ ಮೇಲೆ ಬಿದ್ದೆ. ಉಳಿದವರು ಪಕ್ಕಕ್ಕೆ ಚೆಲ್ಲಿಹೋದರು, ತರಚುಗಾಯಗಳಾದವು. ಅಕ್ಕ ಮಾತ್ರ ಕೈಯಲ್ಲಿ ಹಿಡಿಯನ್ನು ಹಿಡಿದೇ ಇದ್ದಳು. ಅವಳ ಮೂಳೆ ಮುರಿದದ್ದು ಕುರ್ಚಿಯಿಂದಲ್ಲ, ನನ್ನ ಮೈಯಿಂದ. ಆ ಸದ್ದನ್ನು ನಾನು ಕೇಳಿದೆ.

ಡಾಕ್ಟರು ಮೂರು ತಿಂಗಳು ಮಲಗಿರಬೇಕು, ಬಲಮಗ್ಗುಲಿಗೆ ಹೊರಳಲೇಬಾರದು ಎಂದರು. ಮತ್ತೆ ನಡೆಯುತ್ತಾಳೋ ಇಲ್ಲವೋ ಆಮೇಲೆ ನೋಡೋಣ ಎಂದರು. ಮಂಚವನ್ನು ಗೋಡೆಗೆ ಬಿಗಿಸಿ ಕಟ್ಟಿದೆವು. ಊರಿನವರು ನೋಡಲು ಬಂದರು. ಅವರು ಬಂದದ್ದು ಅಕ್ಕನನ್ನು ನೋಡಲಾದರೂ ಮಾತಾಡಿದ್ದು ನನ್ನ ಬಗ್ಗೆ. ಫಕೀರಗೌಡರು ನಡುಮನೆಯಲ್ಲಿ ಕೂತು, "ಮುಕ್ಕಾಲು ಚೊಂಬಿನ ದಿನ ಎಂಟು ಮಂದಿಗೆ ಒಲ್ಲೆ ಅನ್ನಲಿಲ್ಲ ಈಕಿ. ಕಾಲಿದ್ದವರೂ ಹಂಗ ಮಾಡೂದಿಲ್ಲ" ಎಂದರು. ತೋಟವ್ವ ನನ್ನ ತಲೆ ನೇವರಿಸಿ ದೃಷ್ಟಿ ತೆಗೆದಳು. ಚನ್ನಬಸುವಿನ ಹೆಂಡತಿ ಒಂದು ಸೀರೆಯನ್ನು ಮಡಿಲಿಗೆ ಹಾಕಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು. ಒಳಗಿನ ಮಂಚದಿಂದ ಅಕ್ಕನ ನರಳಾಟ ಕೇಳುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ದಸ್ತಗೀರ್ ಹೇಳಿದ ತಿಂಗಳಿಗೆ ಸರಿಯಾಗಿ ಹೊಸ ಕಡ್ಡಿ ತಂದ. ಅಂಗಳದಲ್ಲಿ ಬಿದ್ದಿದ್ದ ಕುರ್ಚಿಯನ್ನು ನೋಡಿದ, ಮಂಚದ ಮೇಲಿದ್ದ ಅಕ್ಕನನ್ನು ನೋಡಿದ. ಕೆಲಸಕ್ಕೆ ಕೂತ. ಕಡ್ಡಿ ಹಾಕಿದ, ಸೊಟ್ಟಗಾದ ಬೆನ್ನಿನ ಚೌಕಟ್ಟನ್ನು ಸರಿ ಮಾಡಿದ, ಪ್ರತಿ ನಟ್ಟನ್ನೂ ಎರಡೆರಡು ಸಲ ಬಿಗಿದ. ನನಗೇ ತಡೆಯಲಾಗಲಿಲ್ಲ.

"ಎಂಟು ಮಂದಿ ಇದ್ರು" ಎಂದೆ.

ಅವನು ಸ್ಪ್ಯಾನರನ್ನು ಕೆಳಗಿಟ್ಟ. "ಗೊತ್ತಿತ್ತು. ಎಂಟು ಅಂತ ಗೊತ್ತಿರಲಿಲ್ಲ. ನಾಕು ಅಂದ್ಕೊಂಡಿದ್ದೆ."

"ಮತ್ತ ನೀವರ ಬೈಬೇಕಿತ್ತಲ್ಲ ನನಗ."

"ಬೈಯಾಕ ನಾ ಯಾರ್ರಿ? ಮುಖಕ್ಕ ಹೊಡದಂಗ ನೀವು ಸುಳ್ಳ ಹೇಳಿದ್ರಿ. ನಾ ಬಸ್ ಹಿಡದು ಹೋದೆ. ನಂದೂ ತಪ್ಪೈತಿ, ಕುರ್ಚಿ ಒಯ್ದು ಇಟ್ಕೊಬೇಕಿತ್ತು." ಅವನು ಸೀಟಿನ ಕೆಳಗೆ ಕೈ ಹಾಕಿ, ಮಡಿಕೆ ಕೂಡ ಬಿಚ್ಚಿರದ ಬೆಲ್ಟನ್ನು ಹೊರಗೆ ತೆಗೆದ. ಅದನ್ನು ಬಿಡಿಸಿ ಸೀಟಿನ ಮೇಲೆ ಹಾಸಿದ. ಆಮೇಲೆ ಹೇಳಿದ: "ಕುರ್ಚಿ ಸುದ್ದ ಮಾಡಿ ಕೊಟ್ಟೀನಿ. ನಿಮ್ಮನ್ನ ಒಬ್ಬರನ್ನ ಇನ್ನ ಹತ್ತು ವರ್ಷ ಎತಗೊಂಡು ತಿರಗತೈತಿ. ಆದ್ರ ಮಂದಿಗೆ ಹಿಡಿಬ್ಯಾಡ್ರಿ ಅಂತ ಹೇಳೂದು ಕುರ್ಚಿಗೆ ಬರೂದಿಲ್ಲ. ನೀವ ಹೇಳ್ಬೇಕು."

"ನಮ್ಮೂರಾಗ ಹಂಗ ಹೇಳಾಕ ಬರೂದಿಲ್ಲ. ಹೇಳಿದ್ರ ನಾ ಊರಾಗ ಇದ್ದೂ ಇಲ್ಲದಂಗ."

"ಹೌದ್ರಿ" ಎಂದ. ಚಹ ಕುಡಿದು ಬಸ್ಸಿಗೆ ಹೋದ.

ಎರಡು ದಿನ ನಾನು ಮನೆಯಲ್ಲೇ ಉಳಿದೆ. ಹೀಗೇ ಉಳಿದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಯೋಚಿಸಿದೆ. ಹಾಗೆ ಉಳಿದರೆ ನಾನು ಮತ್ತೆ ನಡುಮನೆಯ ಕಂಬಕ್ಕೆ ಕಟ್ಟಿಸಿಕೊಂಡ ಹುಡುಗಿಯೇ. ಪೇಟೆ ಇಲ್ಲ, ಹೊಲಿಗೆ ಇಲ್ಲ, ಮಲಗಿರುವ ಅಕ್ಕನಿಗೆ ಔಷಧ ತರಲೂ ಇನ್ನೊಬ್ಬರ ಕಾಲು ಬೇಕು. ಹೋದರೆ ಹೇಳಬೇಕು. ಹೇಳಿದರೆ ಮಹಾರುದ್ರಪ್ಪನ ಗತಿ. ಅವನಿಗೆ ಮಾರಲು ಗಾಣವಿತ್ತು, ಹೋಗಲು ಕಾಲಿದ್ದವು. ನನಗೆ ಈ ಊರು ಬಿಟ್ಟರೆ ಇನ್ನೊಂದಿಲ್ಲ.

ಮೂರನೆಯ ದಿನ ಚೌಕಕ್ಕೆ ಹೋದೆ. ಎಲ್ಲರೂ ಅಂಗಡಿಯಿಂದ ಎದ್ದು ಬಂದು ಮಾತಾಡಿಸಿದರು. ಹತ್ತಕ್ಕೆ ಗಂಟೆ ಬಡಿಯಿತು. ನಾನು ಕುರ್ಚಿಯನ್ನು ಏರಿಗೆ ತಿರುಗಿಸಿದೆ. ಬೆಲ್ಟನ್ನು ಎರಡೂ ಬದಿಯಿಂದ ಎಳೆದು ಸೊಂಟದ ಮೇಲೆ ಕೊಂಡಿ ಹಾಕಿದೆ. ರೂಢಿಯಿಲ್ಲದ್ದರಿಂದ ಎರಡು ಸಲ ತಪ್ಪಿತು. ಅಷ್ಟರಲ್ಲಿ ಅವರು ಬಂದರು. ತೋಟವ್ವ ಮುಂದೆ, ಅವಳ ಹಿಂದೆ ಉಳಿದವರು. ತೋಟವ್ವನ ಕೈ ಹಿಡಿಗೆ ಇನ್ನೇನು ತಾಗಬೇಕು.

"ಹಿಡಿಬ್ಯಾಡ್ರಿ" ಎಂದೆ.

ಅವಳಿಗೆ ಕೇಳಿಸಲಿಲ್ಲ ಎಂದುಕೊಂಡು ಮತ್ತೆ ಜೋರಾಗಿ ಕೂಗಿದೆ. "ನನ್ನನ್ನ ಹಿಡಿಬ್ಯಾಡ್ರಿ! ಈ ಕುರ್ಚಿ ಒಬ್ಬರದು. ಪಾರವ್ವನ ಸೊಂಟ ಮುರದಾಕಿ ನಾನ. ಮೆಕ್ಯಾನಿಕ್ ಮನ್ಯಾಗ ಇರು ಅಂದಿದ್ದ, ನಾ ಬಂದೆ. ಬೆಲ್ಟ್ ಹಾಕ್ಕೋ ಅಂದಿದ್ದ, ಹಾಕ್ಕೊಳ್ಳಿಲ್ಲ. ನೀವು ಹಿಡದ್ರ ನನಗ ಹಿತ ಆಗ್ತಿತ್ತು, ಅದಕ್ಕ ಸುಮ್ಮನಿದ್ದೆ. ಹೋಗ್ರಿ, ಬ್ಯಾರೆ ಕಂಬ ಹಿಡೀರಿ!"

ನೂರರ ಎಣಿಕೆ ಎಲ್ಲಿಗೆ ಬಂದಿತ್ತೆಂದು ಯಾರಿಗೂ ನೆನಪಿರಲಿಲ್ಲ. ಚನ್ನಬಸು ಮೊದಲು ಎಚ್ಚೆತ್ತು ಹುಡುಗಿಯರನ್ನು ಎಳೆದುಕೊಂಡು ಎದುರಿನ ಕಂಬಕ್ಕೆ ಓಡಿದ. ತೋಟವ್ವ ಓಡಲಾರದವಳು. ಅವಳು ಕೈಯನ್ನು ಹಾಗೇ ಚಾಚಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಎರಡು ವರ್ಷ ಆ ಕೈ ನನ್ನ ಬೆನ್ನ ಹಿಂದೆ ಇತ್ತು.

"ಕುಂಡ್ರ ಬೇ, ನೆಲಕ್ಕ ಕುಂಡ್ರು!" ಎಂದು ಚೀರಿದೆ. ನೆಲ ಅಲುಗಿತು. ಅವಳು ಕುಸಿದು ಕೂತಳು, ಎರಡು ಮಾರು ಜಾರಿದಳು, ಎಲೆಯ ಬುಟ್ಟಿ ಉರುಳಿಹೋಯಿತು. ಕೆಳಗಿನ ಕಂಬದವರು ಅವಳ ಸೆರಗನ್ನು ಹಿಡಿದು ನಿಲ್ಲಿಸಿದರು. ಮೊಣಕಾಲು ಸುಲಿದು ರಕ್ತ ಬಂತು, ಮೂಳೆಗೇನೂ ಆಗಲಿಲ್ಲ. ಕಾಲು ಚೊಂಬಿನ ದಿನವಾದ್ದರಿಂದ ಬಚಾವಾದೆವು. ಅಷ್ಟು ಹೊತ್ತೂ ನನ್ನ ಕುರ್ಚಿ ಚೌಕದ ಮೂಲೆಯಲ್ಲಿ ಒಂದೇ ನಿಂತಿತ್ತು. ಅದು ಒಂದು ಬೆರಳಿನಷ್ಟೂ ಕದಲಲಿಲ್ಲ. ಬೆನ್ನ ಹಿಂದೆ ಯಾರೂ ಇಲ್ಲದ್ದು ನನಗೆ ಚಳಿಯ ಹಾಗೆ ತಿಳಿಯುತ್ತಿತ್ತು.

ಸಮಕ್ಕೆ ಬಂದ ಮೇಲೆ ತೋಟವ್ವ ಬುಟ್ಟಿ ಎತ್ತಿಕೊಂಡು ನನ್ನ ಮುಂದೆಯೇ ಹಾದುಹೋದಳು. "ಮದ್ಲ ಹೇಳಿದ್ರ ಏನಾಗ್ತಿತ್ತ ನಿನಗ? ಕಂಬ ನಿಲ್ಲಿಸ್ಕೊಂತಿದ್ದಿವಿ" ಎಂದಳು. ವಾರದೊಳಗೆ ಪಂಚಾಯಿತಿಯವರು ಚರಂಡಿಯ ಮೇಲಿನ ಕಲ್ಲನ್ನು ಎತ್ತಿಸಿ ಬಳೆಪೇಟೆಯ ಮೂಲೆಯಲ್ಲಿ ಮತ್ತೆ ನೆಟ್ಟರು, ಬುಡಕ್ಕೆ ಸಿಮೆಂಟು ಹಾಕಿದರು. ನನ್ನನ್ನು ಯಾರೂ ಊರು ಬಿಡು ಅನ್ನಲಿಲ್ಲ. ಸೊಂಟಪಟ್ಟಿ ಕೊಳ್ಳಲು ಮಾತ್ರ ಬಹಳ ದಿನ ಯಾರೂ ಬರಲಿಲ್ಲ, ಬಂದವರು ಕಣ್ಣಿಗೆ ಕಣ್ಣು ಕೊಡಲಿಲ್ಲ. ಈಗ ಕೆಲವರು ಕೊಡುತ್ತಾರೆ. ತೋಟವ್ವ ಇನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ಆಮೇಲಿನ ಮಾತು. ಹೇಳಬೇಕಾದದ್ದು ನಾನು ಚೌಕದಲ್ಲಿ ಒಲ್ಲೆ ಎಂದ ಆ ದಿನದ ಸಂಜೆಯದು. ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ಅಕ್ಕನಿಗೆ ಮುಟ್ಟಿತ್ತು. ನಾನು ಗಂಜಿ ಕುಡಿಸಿದೆ, ಹಣೆ ಒರೆಸಿದೆ. ನಾಲ್ಕಕ್ಕೆ ಗಂಟೆಯ ಸದ್ದು ದೂರದಿಂದ ಬಂತು. ನಾನು ಕುರ್ಚಿಯನ್ನು ಮಂಚದ ಬಲಗಡೆಗೆ ತಂದು, ಏರಿಗೆ ತಿರುಗಿಸಿ, ಬೆಲ್ಟು ಹಾಕಿದೆ. ಅಕ್ಕ ಮಲಗಿದ್ದಲ್ಲಿಂದಲೇ ನನ್ನತ್ತ ಕೈ ಚಾಚಿದಳು. ಆ ಕೈಯನ್ನು ಹಿಡಿಯಬೇಕಾದರೆ ಅವಳು ಬಲಮಗ್ಗುಲಿಗೆ ಹೊರಳಬೇಕಿತ್ತು. ಆಗಲೇ ಸ್ವಲ್ಪ ಹೊರಳಿದ್ದಳು, ನೋವಿಗೆ ತುಟಿ ಕಚ್ಚಿದ್ದಳು.

ನನಗೆ ಚೌಕದಲ್ಲಿ ಆದದ್ದು ಏನೂ ಅಲ್ಲ ಎನ್ನಿಸಿತು. ಕಷ್ಟದ್ದು ಇದು. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಬ್ಯಾಡಕ್ಕಾ. ಗ್ವಾಡಿ ಬಳಿ ಹಿಡಿ."

"ನನಗೂ ಒಲ್ಲೆ ಅಂತೀಯೇನ ಚಂಪಿ?"

"ನಿನಗೂ ಒಲ್ಲೆ."

ಅವಳ ಕೈ ಸ್ವಲ್ಪ ಹೊತ್ತು ನಡುವೆಯೇ ನಿಂತಿತ್ತು. ಆಮೇಲೆ ಅವಳು ಅಂಗಾತಳಾಗಿ, ತಲೆಯ ಮೇಲಿನ ಕಬ್ಬಿಣದ ಬಳೆಯನ್ನು ಎಡಗೈಯಿಂದ ಹಿಡಿದಳು. ಮನೆ ಮೂಡಣಕ್ಕೆ ವಾಲಿತು. ಹಗ್ಗಗಳು ಬಿಗಿದು ಕಿರ್‍ರೆಂದವು. ಅಕ್ಕ ಜಂತೆಯನ್ನು ನೋಡುತ್ತ ಮಾತಾಡಿದಳು.

"ನಿನ್ನ ಹಿಡದು ಹಿಡದು ನನ್ನ ಬಲಗೈ ಮಣಿಕಟ್ಟು ಹೋಗಿ ಹನ್ನೆರಡು ವರ್ಷಾತು. ಒಂದ ಕೊಡ ಎತ್ತಾಕ ಬರತಿರಲಿಲ್ಲ. ಎಡಗೈಲೆ ನೀರು ಸೇದತಿದ್ದೆ. ನಿನ್ನ ಹಲಗಿ ಹಗ್ಗ ನನ್ನ ಕೈಯಿಂದ ಎರಡ ಸಲ ಜಾರೇತಿ. ನೀ ನೋಡಲಿಲ್ಲ."

ನಾನು ನೋಡಿರಲಿಲ್ಲ. ಕುರ್ಚಿ ಬರುವ ತನಕ ಅದೇ ಕೈಯಲ್ಲಿ ಜೋತುಬಿದ್ದಿದ್ದರೂ ನೋಡಿರಲಿಲ್ಲ.

"ಮತ್ತ ಯಾಕ ಹೇಳಲಿಲ್ಲ?" ಎಂದೆ.

ಅವಳು ಬಳೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಹೇಳಿದ್ರ ಬ್ಯಾರೆ ಯಾರರ ಬಂದು ನಿನ್ನ ಹಿಡೀತಿದ್ರು" ಎಂದಳು. "ಅದು ನನಗ ಬ್ಯಾಡಾಗಿತ್ತು."

ಇಬ್ಬರೂ ಅತ್ತೆವು. ಊರು ಸಮಕ್ಕೆ ಬರುವ ತನಕ ಅವಳು ತನ್ನ ಮಂಚದಲ್ಲೇ ಇದ್ದಳು, ನಾನು ನನ್ನ ಕುರ್ಚಿಯಲ್ಲೇ ಇದ್ದೆ. ನಡುವೆ ಒಂದು ಮೊಳದಷ್ಟು ಜಾಗವಿತ್ತು, ಅದನ್ನು ನಾವು ಹಾಗೇ ಬಿಟ್ಟೆವು.